ಇತಿಹಾಸಬರಹಕ್ಕೆ ಸಲ್ಲುವ ಪ್ರಶಸ್ತಿ: ನಾಸಿಕ–ದೇವಗಿರಿ ನೆಲೆಯಿಂದ ಕೆಲವು ವಿಚಾರಗಳು

‘ಪ್ರಶಸ್ತಿ’ ಎಂಬ ಮಾತಿಗೆ ಇಂದು ರೂಢಿಯಲ್ಲಿರುವ ಅರ್ಥ ತೀರ ಈಚಿನದು. ಶಾಸನಗಳನ್ನು ಓದುವವರಿಗೆ ಅದು ಬಹುಮಾನದ ಹೆಸರಲ್ಲ, ಒಂದು ಸಾಹಿತ್ಯಪ್ರಕಾರದ ಹೆಸರು. ಅರಸನ ವಂಶ, ಗುಣ, ದಿಗ್ವಿಜಯಗಳನ್ನು ಹೊಗಳಿ ಬರೆದ, ಬಹುಮಟ್ಟಿಗೆ ಪದ್ಯರೂಪದ ಬರಹವೇ ಪ್ರಶಸ್ತಿ. ಐಹೊಳೆಯ ಮೇಗುಟಿಯಲ್ಲಿ 634ರಲ್ಲಿ ಎರಡನೆಯ ಪುಲಕೇಶಿಯನ್ನು ಹೊಗಳಿದ ರವಿಕೀರ್ತಿ ಅದೇ ಉಸಿರಿನಲ್ಲಿ ತನ್ನನ್ನೂ ಕಾಳಿದಾಸ ಭಾರವಿಗಳ ಸಾಲಿಗೆ ಸೇರಿಸಿಕೊಂಡನೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇಂಥ ಬರಹಗಳನ್ನು ಪೂರ್ತಿ ನಂಬದೆ, ಆದರೆ ಪೂರ್ತಿ ತಳ್ಳಿಹಾಕದೆ ಓದುವುದು ಇತಿಹಾಸಕಾರನ ಕೆಲಸದ ಬಹುದೊಡ್ಡ ಭಾಗ. ಹೊಗಳಿಕೆಯನ್ನು ಸೋಸಿ ಸಂಗತಿಯನ್ನು ಉಳಿಸಿಕೊಳ್ಳುವ ಈ ಮನುಷ್ಯನಿಗೇ ಪ್ರಶಸ್ತಿ ಬಂದು, ಆತನನ್ನೇ ವೇದಿಕೆಯ ಮೇಲೆ ಕೂರಿಸಿ ಹೊಗಳತೊಡಗಿದಾಗ ಆತನ ಬರಹಕ್ಕೆ ಏನಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ಎತ್ತಲು ನಾಸಿಕ ಹಾಗೂ 2023ರಿಂದ ಛತ್ರಪತಿ ಸಂಭಾಜಿನಗರವೆಂದು ಕರೆಯಲಾಗುತ್ತಿರುವ ಔರಂಗಾಬಾದಿನ ಪರಿಸರವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಕರ್ನಾಟಕದ ಹೊರಗಿದ್ದು ಕನ್ನಡ ಸಂಶೋಧನೆಯಲ್ಲಿ ತೊಡಗಿರುವ ನಮಗೆ ಗೋದಾವರಿಯ ಈ ದಂಡೆ ಪರಕೀಯವಲ್ಲ. ‘ಕವಿರಾಜಮಾರ್ಗ’ವು ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಹೇಳಿದ ನದಿ ಹುಟ್ಟುವುದು ನಾಸಿಕದ ಬಳಿಯ ತ್ರ್ಯಂಬಕದಲ್ಲಿ. ರಾಷ್ಟ್ರಕೂಟರ ಕೈಲಾಸ ದೇವಾಲಯ, ಸೇವುಣರ ಮೊದಲ ನೆಲೆಗಳಲ್ಲೊಂದಾದ ಸಿಂದಿನಗರ (ಇಂದಿನ ಸಿನ್ನರ), ಅವರ ರಾಜಧಾನಿ ದೇವಗಿರಿ, ಇವೆಲ್ಲ ಈ ಎರಡು ಜಿಲ್ಲೆಗಳಲ್ಲಿವೆ. ಒಂದೇ ನೆಲದ ಇತಿಹಾಸವನ್ನು ಎರಡು ಭಾಷೆಗಳ ಜನ ತಮ್ಮದೆಂದು ಓದುವ ಜಾಗ ಇದು. ಇಂಥಲ್ಲಿ ಇತಿಹಾಸಗ್ರಂಥವೊಂದಕ್ಕೆ ಬಹುಮಾನ ಬಂದರೆ ಅದರ ಸಂಭ್ರಮ ಲೇಖಕನೊಬ್ಬನದಾಗಿ ಉಳಿಯುವುದಿಲ್ಲ.

ಮೊದಲಿಗೆ ಹಳೆಯ ಪ್ರಶಸ್ತಿಯೊಂದನ್ನು ನೋಡೋಣ. ನಾಸಿಕದ ತ್ರಿರಶ್ಮಿ ಬೆಟ್ಟದ 3ನೆಯ ಗುಹೆಯಲ್ಲಿ, ವಾಸಿಷ್ಠೀಪುತ್ರ ಪುಲುಮಾವಿಯ 19ನೆಯ ಆಳ್ವಿಕೆಯ ವರ್ಷದಲ್ಲಿ, ಅಂದರೆ ಕ್ರಿ.ಶ. 2ನೆಯ ಶತಮಾನದಲ್ಲಿ, ಗೌತಮೀ ಬಲಶ್ರೀ ಬರೆಯಿಸಿದ ಪ್ರಾಕೃತ ಶಾಸನವಿದೆ. ತೀರಿಹೋದ ಮಗ ಗೌತಮೀಪುತ್ರ ಸಾತಕರ್ಣಿಯನ್ನು ಮುದಿ ತಾಯಿ ನೆನೆಯುವ ಬರಹವದು. ಅಸಿಕ, ಅಸಕ, ಮುಳಕ, ಸುರಠ, ಕುಕುರ, ಅಪರಾಂತ ಮೊದಲಾಗಿ ಅವನು ಆಳಿದ ನಾಡುಗಳ ಪಟ್ಟಿ ಅದರಲ್ಲಿದೆ. ಅವನ ಕುದುರೆಗಳು ಮೂರು ಸಮುದ್ರಗಳ ನೀರು ಕುಡಿದವೆಂಬ ಹೊಗಳಿಕೆಯಿದೆ. ಕ್ಷಹರಾತ ಕುಲವನ್ನು ಬೇರುಸಹಿತ ಕಿತ್ತನೆಂಬ ಹೆಮ್ಮೆಯಿದೆ. ಈ ಕೊನೆಯ ಮಾತನ್ನು ತಾಯಿಯ ಅತಿಶಯೋಕ್ತಿಯೆಂದು ಬದಿಗಿರಿಸಬಹುದಿತ್ತು. ಆದರೆ 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲಥೆಂಬಿಯಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅವು ಕ್ಷಹರಾತ ನಹಪಾನನ ನಾಣ್ಯಗಳು. ಅವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನ ಮೇಲೆ ಗೌತಮೀಪುತ್ರನು ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿದ್ದನು. ಹೊಗಳಿಕೆಯ ಒಂದು ವಾಕ್ಯಕ್ಕೆ ಲೋಹದ ಸಾಕ್ಷಿ ದೊರೆಯಿತು. ಮೂರು ಸಮುದ್ರಗಳ ಮಾತಿಗೆ ಅಂಥ ಸಾಕ್ಷಿಯಿಲ್ಲ. ಅದು ಕವಿಸಮಯವಾಗಿಯೇ ಉಳಿಯಿತು. ಒಂದೇ ಶಾಸನದ ಎರಡು ಮಾತುಗಳಿಗೆ ಎರಡು ಬೇರೆ ಬೆಲೆ ಕಟ್ಟುವ ಈ ಕ್ರಮವನ್ನೇ ನಾವು ಇತಿಹಾಸವಿಮರ್ಶೆ ಎನ್ನುವುದು.

ಎಲ್ಲೋರದ ವಿಷಯದಲ್ಲೂ ಹೀಗೆಯೇ. ರಾಷ್ಟ್ರಕೂಟ ಕರ್ಕನ ಬರೋಡಾ ತಾಮ್ರಶಾಸನವು ಏಲಾಪುರದಲ್ಲಿ ಕೃಷ್ಣರಾಜನು ಮಾಡಿಸಿದ ದೇವಾಲಯವನ್ನು ಕಂಡು ದೇವತೆಗಳು ಬೆರಗಾದರೆಂದೂ, ಕಟ್ಟಿದ ಶಿಲ್ಪಿಯೇ ತಾನು ಇದನ್ನು ಹೇಗೆ ಮಾಡಿದೆನೆಂದು ಅಚ್ಚರಿಪಟ್ಟನೆಂದೂ ಹೇಳುತ್ತದೆ. ದೇವತೆಗಳ ಬೆರಗನ್ನು ಕಾವ್ಯಕ್ಕೆ ಬಿಟ್ಟು, ಕೃಷ್ಣರಾಜ ಮತ್ತು ಏಲಾಪುರ ಎಂಬ ಎರಡು ಹೆಸರುಗಳನ್ನು ವಿದ್ವಾಂಸರು ಎತ್ತಿಕೊಂಡರು; ಕೈಲಾಸದ ಕಾಲನಿರ್ಣಯ ನಿಂತಿರುವುದು ಬಹುಮಟ್ಟಿಗೆ ಅವುಗಳ ಮೇಲೆ. ದೇವಗಿರಿಯ ಮಂತ್ರಿ ಹೇಮಾದ್ರಿ ತನ್ನ ‘ಚತುರ್ವರ್ಗಚಿಂತಾಮಣಿ’ಯ ವ್ರತಖಂಡದ ಮೊದಲಲ್ಲಿ ಬರೆದ ರಾಜಪ್ರಶಸ್ತಿ ಸೇವುಣರ ವಂಶವನ್ನು ದ್ವಾರಕೆಯ ಯಾದವರಿಗೆ ಒಯ್ದು ಮುಟ್ಟಿಸುತ್ತದೆ. ರಾ.ಗೋ. ಭಾಂಡಾರಕರರು ದಖ್ಖನಿನ ಪ್ರಾಚೀನ ಇತಿಹಾಸವನ್ನು 1884ರಲ್ಲಿ ಬರೆದಾಗ ಈ ಪ್ರಶಸ್ತಿಯನ್ನು ಆಧಾರವಾಗಿ ಬಳಸಿಕೊಂಡರು. ಮುಂದೆ 1971ರಲ್ಲಿ ಅ.ವೆಂ. ನರಸಿಂಹಮೂರ್ತಿಯವರೂ 1973ರಲ್ಲಿ ಶ್ರೀನಿವಾಸ ರಿತ್ತಿಯವರೂ ಸೇವುಣರನ್ನು ಕುರಿತ ತಮ್ಮ ಗ್ರಂಥಗಳಲ್ಲಿ ಶಾಸನಗಳ ಭಾಷೆಯನ್ನೂ ಅರಸರ ಬಿರುದು, ಹೆಸರುಗಳನ್ನೂ ಹೇಮಾದ್ರಿಯ ಮಾತಿನ ಎದುರಿಗಿಟ್ಟು ತೂಗಿದರು. ದೊರೆತಿರುವ ಸೇವುಣ ಶಾಸನಗಳಲ್ಲಿ ಕನ್ನಡದವೇ ಹೆಚ್ಚು. ಅದೇ ಅರಸುಮನೆತನದ ಕೊನೆಯ ಕಾಲದಲ್ಲಿ ಮರಾಠಿ ಆಡಳಿತದಲ್ಲೂ ಸಾಹಿತ್ಯದಲ್ಲೂ ತಲೆಯೆತ್ತಿತು. 1290ರ ‘ಜ್ಞಾನೇಶ್ವರಿ’ ರಾಮಚಂದ್ರನ ಆಳ್ವಿಕೆಯ ಕೃತಿ. ಎರಡೂ ಸಂಗತಿಗಳು ನಿಜ. ಗ್ರಂಥದ ಒಂದು ಪುಟದಲ್ಲಿ ಎರಡನ್ನೂ ಹೇಳಲು ಕಷ್ಟವಿಲ್ಲ. ಸನ್ಮಾನಸಭೆಯ ವೇದಿಕೆಯ ಮೇಲೆ ಎರಡನ್ನೂ ಒಟ್ಟಿಗೆ ಹೇಳುವುದು ಬಹಳ ಕಷ್ಟ.

ಈ ಕಷ್ಟ ಸಭೆಯ ಸ್ವರೂಪದಲ್ಲೇ ಇದೆ. ಶಾಸನಗಳ ಕೆಲಸಕ್ಕಾಗಿ ಈ ಎರಡು ನಗರಗಳಿಗೆ ಹೋದಾಗಲೆಲ್ಲ ಬಹುಮಾನಿತ ಇತಿಹಾಸಗ್ರಂಥಗಳ ಸತ್ಕಾರ ಸಮಾರಂಭಗಳಲ್ಲಿ ಕೂರುವ ಅವಕಾಶ ನನಗೆ ದೊರೆತಿದೆ. ಮರಾಠಿ ಸಾರ್ವಜನಿಕ ಜೀವನದ ಅಚ್ಚುಕಟ್ಟು ಮೆಚ್ಚತಕ್ಕದ್ದು. ಸಭೆಗೆ ಜನ ಬರುತ್ತಾರೆ, ಪುಸ್ತಕ ಕೊಳ್ಳುತ್ತಾರೆ, ಮುಗಿಯುವವರೆಗೆ ಕೂರುತ್ತಾರೆ. ಇದು ನಮ್ಮಲ್ಲಿ ಕಡಿಮೆಯಾಗುತ್ತಿರುವ ಗುಣ. ದೀಪ ಬೆಳಗುವುದು, ಮಾನಪತ್ರದ ವಾಚನ, ಶಾಲು, ಶ್ರೀಫಲ, ಸ್ಮೃತಿಚಿಹ್ನೆ, ತಲೆಗೆ ಫೇಟಾ. ಈ ಫೇಟಾ ನಮ್ಮ ಪೇಟವೇ. ಆಮೇಲೆ ಊರಿನ ಹತ್ತಾರು ಸಂಘಸಂಸ್ಥೆಗಳು ಒಂದೊಂದಾಗಿ ಬಂದು ಹೂಗುಚ್ಛ ಕೊಡುತ್ತವೆ. ಮುಖ್ಯ ಅತಿಥಿಗಳು ಗ್ರಂಥವನ್ನು ಬಿಟ್ಟು ಗ್ರಂಥದ ನಾಯಕನನ್ನು ಹೊಗಳುತ್ತಾರೆ. ಸತ್ಕಾರಮೂರ್ತಿಗೆ ಉತ್ತರ ಹೇಳಲು ಉಳಿಯುವುದು ಹತ್ತು ನಿಮಿಷ, ಅದರಲ್ಲಿ ಐದು ಕೃತಜ್ಞತೆಗೆ. ಒಮ್ಮೆ ಸಭಿಕರಲ್ಲಿದ್ದ ಶಾಲಾ ಮಾಸ್ತರರೊಬ್ಬರು ಎದ್ದುನಿಂತು, ಗ್ರಂಥದಲ್ಲಿ ಬಳಸಿದ ಶಾಸನದ ತಿಥಿ ವಾರಕ್ಕೆ ಹೊಂದುವುದಿಲ್ಲವಲ್ಲ ಎಂದು ವಿನಯದಿಂದಲೇ ಕೇಳಿದರು. ನಿರೂಪಕರು ವೇಳೆಯಾಯಿತೆಂದು ನಗುತ್ತ ಅವರನ್ನು ಕೂರಿಸಿದರು. ಲೇಖಕರ ಮುಖದಲ್ಲಿ ಆ ಪ್ರಶ್ನೆಗೆ ಉತ್ತರ ಹೇಳುವ ಉತ್ಸಾಹ ಎದ್ದು ಕಾಣುತ್ತಿತ್ತು. ಇಡೀ ಸಭೆಯಲ್ಲಿ ಅವರ ಪುಸ್ತಕವನ್ನು ಓದಿ ಬಂದವರಿಗೆ ಉತ್ತರಿಸುವ ಒಂದೇ ಅವಕಾಶ ಅದಾಗಿತ್ತು.

ಕರ್ನಾಟಕದ ಸಭೆಗಳು ಇದಕ್ಕಿಂತ ಭಿನ್ನವೆಂದು ಯಾರೂ ತಿಳಿಯಬೇಕಾಗಿಲ್ಲ. ಮರಾಠಿಯ ಮಾನಪತ್ರಕ್ಕೆ ಸಮನಾಗಿ ನಮ್ಮಲ್ಲಿ ಬಿನ್ನವತ್ತಳೆಯಿದೆ. ಬಿನ್ನವತ್ತಳೆಯ ಗದ್ಯವನ್ನು ಶೈಲಿಯ ದೃಷ್ಟಿಯಿಂದ ಯಾರಾದರೂ ಅಭ್ಯಾಸ ಮಾಡಿದರೆ ಅದು ಶಾಸನಪ್ರಶಸ್ತಿಯ ನೇರ ಸಂತಾನವೆಂಬುದು ತಿಳಿಯುತ್ತದೆ: ಸಂಬೋಧನೆಗಳ ಸರಮಾಲೆ, ಹುಟ್ಟೂರಿನ ವರ್ಣನೆ, ಗುರುಪರಂಪರೆ, ಕೃತಿಗಳೆಂಬ ದಿಗ್ವಿಜಯ, ಕೊನೆಗೆ ಆಚಂದ್ರಾರ್ಕ ಬಾಳಲೆಂಬ ಹಾರೈಕೆ. ಕವಿಗೆ ಇದರಿಂದ ನಷ್ಟವಿಲ್ಲ. ಕವಿತೆ ಹೊಗಳಿಕೆಯಿಂದ ಸುಳ್ಳಾಗುವುದಿಲ್ಲ. ಇತಿಹಾಸಕಾರನ ಸ್ಥಿತಿ ಬೇರೆ. ಆತನು ಮಂಡಿಸಿದ್ದು ಒಂದು ವಾದ. ಅದಕ್ಕೆ ಆಧಾರಗಳಿವೆ, ಆಧಾರಗಳಿಗೆ ಮಿತಿಗಳಿವೆ, ‘ಇರಬಹುದು’ ಮತ್ತು ‘ಇದೆ’ ಎಂಬುದರ ನಡುವಿನ ಅಂತರವನ್ನು ಆತನು ಎಚ್ಚರದಿಂದ ಕಾಯ್ದುಕೊಂಡಿರುತ್ತಾನೆ. ಬಿನ್ನವತ್ತಳೆಯಲ್ಲಿ ಮೊದಲು ಮಾಯವಾಗುವುದು ಈ ‘ಇರಬಹುದು’.

ಸಾಹಿತ್ಯ ಅಕಾದೆಮಿಯ ಬಹುಮಾನದ ರೂಪವನ್ನು ಇಲ್ಲಿ ಗಮನಿಸಬಹುದು. 1955ರಿಂದ ಕೊಡಲಾಗುತ್ತಿರುವ ಈ ಬಹುಮಾನದಲ್ಲಿ ತಾಮ್ರಫಲಕ, ಶಾಲು, ಹಣ, ಗುಣಗಳನ್ನು ವಿವರಿಸುವ ಪ್ರಶಸ್ತಿಪಾಠ ಇರುತ್ತವೆ. ಫಲಕದ ವಿನ್ಯಾಸ ಸತ್ಯಜಿತ್ ರಾಯ್ ಅವರದು. ತಾಮ್ರಶಾಸನದ ಅಂಗಗಳನ್ನು ಬಲ್ಲವರಿಗೆ ಇದು ನಗು ತರಿಸೀತು: ಪ್ರಶಸ್ತಿಭಾಗವಿದೆ, ದತ್ತಿಭಾಗವಿದೆ, ತಾಮ್ರವೂ ಇದೆ, ಇಲ್ಲದಿರುವುದು ಶಾಪಾಶಯವೊಂದೇ. ಆದರೆ ಇತಿಹಾಸಕ್ಕೆಂದು ಪ್ರತ್ಯೇಕ ವಿಭಾಗ ಅಲ್ಲಿಲ್ಲ. ಇತಿಹಾಸಗ್ರಂಥ ಬಂದರೆ ಅದು ಸಾಹಿತ್ಯವೆಂದೇ ಬರಬೇಕು, ಕಾದಂಬರಿ ಕವನಗಳ ಜೊತೆ ಸ್ಪರ್ಧಿಸಬೇಕು. ಬಹುಮಾನದ ಮರುದಿನದ ಲೇಖಕರ ಸಮ್ಮಿಲನದಲ್ಲಿ ತನ್ನ ಸೃಜನಶೀಲ ಅನುಭವವನ್ನು ಹಂಚಿಕೊಳ್ಳಬೇಕು. ಶಾಸನದ ಅಚ್ಚು ತೆಗೆಯುವುದರಲ್ಲಿ, ತಿಥಿ ಲೆಕ್ಕ ಹಾಕುವುದರಲ್ಲಿ ಬದುಕು ಸವೆಸಿದವರು ಆ ಅಪರಾಹ್ನ ಏನು ಹಂಚಿಕೊಳ್ಳಬೇಕೆಂಬುದು ನನಗೆ ಎಂದೂ ಬಗೆಹರಿಯದ ಸಮಸ್ಯೆ.

1964ರಲ್ಲಿ ಒಂದು ಯೋಗಾಯೋಗ ನಡೆಯಿತು. ಆ ವರ್ಷ ಮರಾಠಿಯ ಬಹುಮಾನ ರಣಜಿತ ದೇಸಾಯಿಯವರ ‘ಸ್ವಾಮಿ’ಗೆ, ಕನ್ನಡದ್ದು ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿಕಲ್ಯಾಣ’ಕ್ಕೆ. ಒಂದು ಪೇಶ್ವೆ ಮಾಧವರಾಯನ ಕಾಲದ್ದು, ಇನ್ನೊಂದು ಬಸವಣ್ಣನ ಕಾಲದ್ದು. ಎರಡೂ ಐತಿಹಾಸಿಕ ಕಾದಂಬರಿಗಳು. ಎರಡು ವರ್ಷದ ಮೇಲೆ, 1966ರಲ್ಲಿ, ತ್ರ್ಯಂಬಕ ಶಂಕರ ಶೇಜವಲಕರರ ‘ಶ್ರೀ ಶಿವಛತ್ರಪತಿ’ಗೆ ಬಹುಮಾನ ಬಂತು. ಶೇಜವಲಕರರು 1963ರಲ್ಲೇ ತೀರಿಹೋಗಿದ್ದರು. ಬಹುಮಾನ ಬಂದುದು ಅವರು ಬರೆಯಲು ಸಂಕಲ್ಪಿಸಿ ಮುಗಿಸಲಾಗದ ಚರಿತ್ರೆಯ ಯೋಜನೆಗೆ, ಪ್ರಸ್ತಾವನೆಗೆ, ಆಧಾರಸಾಮಗ್ರಿಗೆ. ಕಟ್ಟಡವೇಳುವ ಮೊದಲು ಕಲ್ಲುಗಳನ್ನು ಹೇಗೆ ಜೋಡಿಸಿಡಬೇಕೆಂದು ತೋರಿಸುವ ಅಂಥ ಗ್ರಂಥಕ್ಕೆ ಸಿಕ್ಕ ಮನ್ನಣೆಯೇ ನನ್ನ ದೃಷ್ಟಿಯಲ್ಲಿ ಇತಿಹಾಸಬರಹಕ್ಕೆ ಸಿಕ್ಕ ಅತ್ಯಂತ ಶುದ್ಧ ಮನ್ನಣೆ. ಫೇಟಾ ತೊಡಿಸಲು ಲೇಖಕರಿರಲಿಲ್ಲ. ತೀರ್ಮಾನವಿನ್ನೂ ಪೂರ್ತಿಯಾಗದ ಕಾರಣ ಚಪ್ಪಾಳೆ ತಟ್ಟಲೂ ಹೆಚ್ಚೇನು ಇರಲಿಲ್ಲ. ಉಳಿದುದು ಕ್ರಮ ಮಾತ್ರ. ಕನ್ನಡದಲ್ಲಿ ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಮರಣೋತ್ತರವಾಗಿ ಬಹುಮಾನ ಬಂತಾದರೂ ಅದು ಕಾದಂಬರಿ; ಅದರ ಪ್ರಶ್ನೆಗಳು ಬೇರೆ.

ಶಂ.ಬಾ. ಜೋಶಿಯವರ ಪ್ರಸಂಗ ನಮಗೆ ಹೆಚ್ಚು ಹತ್ತಿರದ್ದು. ಗುರ್ಲಹೊಸೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಶಾಲಾಶಿಕ್ಷಕರಾಗಿ ದುಡಿದು, ಯಾವ ವಿಶ್ವವಿದ್ಯಾಲಯದ ಆಸರೆಯೂ ಇಲ್ಲದೆ ಬರೆದವರು ಅವರು. ‘ಕಣ್ಮರೆಯಾದ ಕನ್ನಡ’ (1933), ‘ಕನ್ನಡದ ನೆಲೆ’ (1939) ಕೃತಿಗಳಲ್ಲಿ ಊರ ಹೆಸರು, ಕುಲದ ಹೆಸರು, ಗ್ರಾಮದೈವ, ಆಚರಣೆಗಳನ್ನು ಸಾಕ್ಷಿಯಾಗಿಟ್ಟು, ಇಂದಿನ ಮಹಾರಾಷ್ಟ್ರದ ಜನಜೀವನದ ತಳದಲ್ಲಿ ಕನ್ನಡ ನುಡಿಯ ಪಶುಪಾಲಕ ಸಮುದಾಯಗಳಿದ್ದವೆಂಬ ವಾದವನ್ನು ಬೆಳೆಸಿದರು. ಇದೇ ವಿಚಾರವನ್ನು ಮರಾಠಿಯಲ್ಲಿಯೇ, ಮರಾಠಿಯ ವಿದ್ವಾಂಸರ ಮುಂದೆಯೇ ಇಟ್ಟರು. ‘ಮರ್ಹಾಟೀ ಸಂಸ್ಕೃತಿ: ಕಾಹೀ ಸಮಸ್ಯಾ’ ಎಂಬ ಅವರ ಪುಸ್ತಕದ ಹೆಸರಿನಲ್ಲೇ ‘ಕೆಲವು ಸಮಸ್ಯೆಗಳು’ ಎಂಬ ವಿನಯವಿದೆ. 1970ರಲ್ಲಿ ಅಕಾದೆಮಿ ಬಹುಮಾನ ಬಂದುದು ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ. ಗಡಿಯನ್ನು ಕುರಿತ ಮಹಾಜನ ಆಯೋಗದ ವರದಿ ಬಂದು ಆಗ್ಗೆ ಮೂರು ವರ್ಷವಾಗಿತ್ತು. ಬೆಳಗಾವಿಯ ಪ್ರಶ್ನೆ ಎರಡೂ ಕಡೆ ಉರಿಯುತ್ತಿತ್ತು. ಅಂಥ ಹವೆಯಲ್ಲಿ ಜೋಶಿಯವರ ವಾದವನ್ನು ಕನ್ನಡಿಗರು ಗಡಿಕಲ್ಲಿನಂತೆ ಬಳಸಿದುದರಲ್ಲಿ ಆಶ್ಚರ್ಯವಿಲ್ಲ. 1981ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ದೊರೆತಾಗಲೂ ನಾಡು ಅವರಲ್ಲಿ ಕಂಡುದು ಮುಖ್ಯವಾಗಿ ಕನ್ನಡದ ಎಲ್ಲೆಯನ್ನು ಉತ್ತರಕ್ಕೆ ಒಯ್ದ ಪಂಡಿತನನ್ನು.

ಇದರಿಂದ ಆದ ನಷ್ಟವೇನು? ಅವರ ವ್ಯುತ್ಪತ್ತಿಗಳಲ್ಲಿ ಹಲವು ಭಾಷಾಶಾಸ್ತ್ರದ ಪರೀಕ್ಷೆಗೆ ನಿಲ್ಲುವುದಿಲ್ಲ. ಧ್ವನಿಸಾಮ್ಯವನ್ನೇ ನಂಬಿ ಅವರು ಬಹುದೂರ ಹೋಗಿಬಿಡುತ್ತಾರೆ. ಆದರೆ ಅದೇ ಪುಟಗಳಲ್ಲಿ ಪಶುಪಾಲಕ ಸಮುದಾಯಗಳು ರಾಜ್ಯಗಳನ್ನು ಕಟ್ಟಿದ ಬಗೆ, ದೈವಗಳು ಭಾಷೆಯ ಎಲ್ಲೆಯನ್ನು ದಾಟಿದ ಬಗೆ ಕುರಿತು ಅವರಿಗಿದ್ದ ಒಳನೋಟ ಅಸಾಧಾರಣವಾದುದು. ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ವಿಂಗಡಿಸುವ ಕೆಲಸ ಅವರು ಬದುಕಿದ್ದಾಗಲೇ, ಅವರ ಎದುರಿಗೇ ನಡೆದಿದ್ದರೆ ಅದರಿಂದ ಸುಖಪಡುತ್ತಿದ್ದವರಲ್ಲಿ ಅವರೇ ಮೊದಲಿಗರಾಗಿರುತ್ತಿದ್ದರು. ವಾದಪ್ರಿಯತೆ ಅವರ ಪ್ರತಿಯೊಂದು ಪುಟದಲ್ಲೂ ಕಾಣುತ್ತದೆ. ನಾವು ಅವರಿಗೆ ಹಾರ ಹಾಕಿದೆವು. ಬಹುಪಾಲು ವ್ಯುತ್ಪತ್ತಿಗಳು ಪ್ರಶ್ನೆಗೊಳಗಾಗದೆ ಉಳಿದವು, ಒಳನೋಟಗಳು ಮುಂದುವರಿಯದೆ ಉಳಿದವು.

ಅವನ್ನು ಮುಂದುವರಿಸಿದವರು ಮರಾಠಿಯವರು. ರಾಮಚಂದ್ರ ಚಿಂತಾಮಣ ಢೇರೆಯವರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ 1984ರ ಗ್ರಂಥ, 1987ರಲ್ಲಿ ಅದಕ್ಕೆ ಅಕಾದೆಮಿ ಬಹುಮಾನ ಬಂತು. ಪಂಢರಪುರದ ವಿಠ್ಠಲ ಮೂಲತಃ ಗವಳಿ, ಧನಗರರಂಥ ದನಕುರಿ ಕಾಯುವವರ ದೈವವೆಂದೂ, ಆ ಜನಸಮುದಾಯಗಳ ನಂಟು ಕನ್ನಡನಾಡಿನೊಂದಿಗೆ ಇತ್ತೆಂದೂ, ಜ್ಞಾನೇಶ್ವರನ ಅಭಂಗದಲ್ಲಿ ವಿಠ್ಠಲನಿಗೆ ಸಂದಿರುವ ‘ಕಾನಡಾ’ ಎಂಬ ವಿಶೇಷಣವನ್ನು ಕೇವಲ ‘ಅಗಮ್ಯ’ ಎಂಬ ಅರ್ಥಕ್ಕೆ ತಿರುಗಿಸಿ ಕೈತೊಳೆದುಕೊಳ್ಳಲಾಗದೆಂದೂ ಢೇರೆ ವಾದಿಸಿದರು. ಹೊಯ್ಸಳ ಸೋಮೇಶ್ವರನ 1237ರ ಶಾಸನ ಪಂಢರಪುರದಲ್ಲಿದೆ. ಕನ್ನಡ ಕವಿ ಚೌಂಡರಸ ಸುಮಾರು 1300ರಲ್ಲಿ ಆ ಊರಿನ ವಿಠ್ಠಲನನ್ನು ನೆನೆದು ದಶಕುಮಾರರ ಕಥೆಯನ್ನು ಕನ್ನಡಕ್ಕೆ ತಂದ. ಇಂಥ ವಾದದ ಗ್ರಂಥವನ್ನು, ಮರಾಠಿಯ ಅತ್ಯಂತ ಪ್ರೀತಿಯ ದೈವವನ್ನು ಕುರಿತ ಗ್ರಂಥವನ್ನು, ಮರಾಠಿ ವಿದ್ವಲ್ಲೋಕವೇ ಬಹುಮಾನಕ್ಕೆ ಆರಿಸಿತೆಂಬುದು ಸಣ್ಣ ಸಂಗತಿಯಲ್ಲ. ಇದನ್ನು ನಾವು ಕನ್ನಡಿಗರು ಎಷ್ಟು ಕೃತಜ್ಞತೆಯಿಂದ ನೆನೆದರೂ ಕಡಿಮೆಯೇ.

ನಾವು ಮಾಡಿದುದು ಬೇರೆ. ವಿಠ್ಠಲ ಕನ್ನಡದವನೆಂ‌ದು ಒಬ್ಬ ಮರಾಠಿಗನೇ ಒಪ್ಪಿದನೆಂದು ಭಾಷಣಗಳಲ್ಲಿ ಸಾರಿದೆವು. ಗ್ರಂಥದ ಹೆಸರಿನಲ್ಲಿರುವ ‘ಮಹಾಸಮನ್ವಯ’ ಎಂಬ ಮಾತನ್ನು ಓದಲಿಲ್ಲ. ಢೇರೆಯವರು ಹೇಳಿದುದು ವಿಠ್ಠಲ ಯಾರ ಸೊತ್ತೆಂಬುದನ್ನಲ್ಲ. ಕಾಡುಮೇಡಿನ ದೈವವೊಂದು ವೈಷ್ಣವ, ಶೈವ, ಜೈನ, ಬೌದ್ಧ ಭಾವನೆಗಳನ್ನೆಲ್ಲ ಎಳೆದುಕೊಂಡು ಒಂದು ದೊಡ್ಡ ಬೆಸುಗೆಯಾದ ಬಗೆಯನ್ನು. 2011ರಲ್ಲಿ ಆನ್ ಫೆಲ್ಡ್‌ಹೌಸ್ ಅವರ ಇಂಗ್ಲಿಷ್ ಅನುವಾದ ಬಂದಮೇಲೆ ಹೊರಗಿನ ವಿದ್ವಾಂಸರು ಆ ಗ್ರಂಥವನ್ನು ಓದುತ್ತಿರುವುದು ಈ ಬೆಸುಗೆಯ ಕಥೆಗಾಗಿಯೇ. ಅಲ್ಲಿ ಗಡಿಯ ಜಗಳದ ಗುರುತೇ ಇಲ್ಲ.

ಢೇರೆಯವರ ಇನ್ನೊಂದು ಗ್ರಂಥಕ್ಕೆ ಇನ್ನೂ ವಿಚಿತ್ರ ಗತಿಯೊದಗಿತು. ಶಿಖರಶಿಂಗಣಾಪುರದ ಶಂಭುಮಹಾದೇವನನ್ನು ಕುರಿತು ಬರೆಯುತ್ತ ಅವರು ಭೋಸಲೆ ಮನೆತನದ ಮೂಲವನ್ನು ಗದಗ ಸೀಮೆಯ ಸೊರಟೂರಿನವರೆಗೆ ಒಯ್ದರು. ಶಿವಾಜಿಯ ಅಜ್ಜ ಮಾಲೋಜಿ ಎಲ್ಲೋರದ, ಅಂದರೆ ವೇರೂಳಿನ, ಪಾಟೀಲ. ಅಲ್ಲಿನ ಘೃಷ್ಣೇಶ್ವರ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದವನು. ಶಿಂಗಣಾಪುರದ ಶಂಭುಮಹಾದೇವನ ಭಕ್ತ. ಕುಲದೈವದ ದಾರಿಯನ್ನು ಹಿಂಬಾಲಿಸಿ ಕುಲದ ದಾರಿಯನ್ನು ಹುಡುಕುವುದು ಢೇರೆಯವರ ಕ್ರಮ. ಅದರಲ್ಲಿ ಒಪ್ಪುವುದಕ್ಕೂ ಬಿಡುವುದಕ್ಕೂ ಬೇಕಾದಷ್ಟಿದೆ. ಮಹಾರಾಷ್ಟ್ರದಲ್ಲಿ ಇದಕ್ಕೆ ತೀವ್ರ ವಿರೋಧ ಬಂದಿತು. 2021ರ ಆರಂಭದಲ್ಲಿ ಗಡಿಯ ಮಾತು ಮತ್ತೆ ಕಾವೇರಿದಾಗ ಕರ್ನಾಟಕದ ಅಂದಿನ ಉಪಮುಖ್ಯಮಂತ್ರಿಯೊಬ್ಬರು, ಶಿವಾಜಿಯ ಪೂರ್ವಿಕ ಬೆಳ್ಳಿಯಪ್ಪ ಸೊರಟೂರಿನವನು, ಬರಗಾಲದಲ್ಲಿ ಅತ್ತ ಹೋದವನು ಎಂದು ಉತ್ತರ ಕೊಟ್ಟರು. ಗ್ರಂಥದಲ್ಲಿ ಹತ್ತಾರು ಪುಟಗಳ ‘ಇರಬಹುದು’ಗಳ ಮೇಲೆ ನಿಂತಿದ್ದ ಊಹೆ ಪತ್ರಿಕೆಯ ಒಂದು ಸಾಲಿನ ಸಿದ್ಧಾಂತವಾಯಿತು. ಢೇರೆ 2016ರಲ್ಲೇ ತೀರಿಕೊಂಡಿದ್ದರು. ವೇರೂಳಿನ ಮಾಲೋಜಿಯ ಗಢಿಯ ಮುಂದೆ ನಿಂತು ನೋಡುವ ಪ್ರವಾಸಿಗನಿಗೆ ಹೇಳಬೇಕಾದ ಕಥೆ ಸೊರಟೂರು ಗೆದ್ದಿತೇ ಸೋತಿತೇ ಎಂಬುದಲ್ಲ. ಅದೇ ಊರಿನಲ್ಲಿ ರಾಷ್ಟ್ರಕೂಟರ ಗುಡಿಯೂ ಭೋಸಲೆಯವರ ಗುಡಿಯೂ ಹೇಗೆ ಬಂದವು ಎಂಬುದು.

ಎದುರು ಪಕ್ಷವನ್ನಷ್ಟೇ ದೂರಿ ಪ್ರಯೋಜನವಿಲ್ಲ. ಕನ್ನಡದ ಯಾವ ಸನ್ಮಾನಸಭೆಯಲ್ಲೂ ಕಾವೇರಿ–ಗೋದಾವರಿಗಳ ಮಾತು ಬರದೆ ಇರುವುದಿಲ್ಲ. ಆದರೆ ‘ಕವಿರಾಜಮಾರ್ಗ’ಕಾರ ಅಷ್ಟು ಹೇಳಿ ಸುಮ್ಮನಾಗುವುದಿಲ್ಲ, ಕೂಡಲೇ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಸಣ್ಣ ನಾಡನ್ನು ತೋರಿಸಿ ಕನ್ನಡದ ತಿರುಳು ಅಲ್ಲಿದೆ ಎನ್ನುತ್ತಾನೆ. ದೊಡ್ಡ ಎಲ್ಲೆಯನ್ನೂ ಅದರೊಳಗಿನ ಸಣ್ಣ ತಿರುಳನ್ನೂ ಒಟ್ಟಿಗೆ ಕಂಡ ಲಾಕ್ಷಣಿಕನಿಂದ ನಾವು ಎಲ್ಲೆಯನ್ನು ಮಾತ್ರ ತೆಗೆದುಕೊಂಡೆವು. ಆ ಗ್ರಂಥದ ಕರ್ತೃ ಶ್ರೀವಿಜಯನೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವಾಗಲೂ ನಮ್ಮ ದೊಡ್ಡ ಪ್ರಶಸ್ತಿಯೊಂದಕ್ಕೆ ನೃಪತುಂಗನ ಹೆಸರಿದೆ. ಕೊಡುಗೈ ದೊರೆಗೆ ಸಲ್ಲುವುದು ಸಹಜವೇ ಇರಬಹುದು.

ಇಷ್ಟು ಹೊತ್ತು ಹೇಳಿದುದು ಸಭೆಯ ನಗೆಪಾಟಲುಗಳನ್ನು. ಇದರ ಇನ್ನೊಂದು ಮುಖ ನಗುವಂಥದಲ್ಲ. ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳ ಮೊದಲನೆಯದರಲ್ಲಿ ಚೆನ್ನಬಸವಣ್ಣನ ಹುಟ್ಟು ಮತ್ತು ನೀಲಾಂಬಿಕೆಯ ಬದುಕನ್ನು ಕುರಿತು ಬರೆದ ಬರಹಗಳಿಗಾಗಿ 1989ರಲ್ಲಿ ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. 2006ರಲ್ಲಿ ಅದೇ ಮಾಲೆಯ ‘ಮಾರ್ಗ–4’ಕ್ಕೆ ಅಕಾದೆಮಿ ಬಹುಮಾನ ಬಂತು. ನಾಡೆಲ್ಲ ಸನ್ಮಾನಿಸಿತು. ಸನ್ಮಾನಿಸಿದ ನಾಡು ಸಂಶೋಧನೆಯ ಕ್ರಮವನ್ನು ಒಪ್ಪಿಕೊಂಡಿತೆಂದು ತಿಳಿಯುವಂತಿರಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಗುಂಡೇಟು ತಿಂದು ತೀರಿಕೊಂಡ ಗೋವಿಂದ ಪಾನಸರೆಯವರೂ ಇತಿಹಾಸವನ್ನು ಜನರ ಮುಂದಿಟ್ಟವರೇ. ‘ಶಿವಾಜಿ ಕೋಣ ಹೋತಾ?’ ಎಂಬ ಅವರ ಚಿಕ್ಕ ಪುಸ್ತಕ ಉಪನ್ಯಾಸವೊಂದರಿಂದ ಬೆಳೆದದ್ದು. ಕಲಬುರ್ಗಿಯವರ ಕೊಲೆಯ ಬಳಿಕ, ಸೆಪ್ಟೆಂಬರಿನಲ್ಲಿ, ಹಿಂದಿಯ ಉದಯಪ್ರಕಾಶರು ಮೊದಲಿಗರಾಗಿ ಬಹುಮಾನವನ್ನು ಹಿಂದಿರುಗಿಸಿದರು. ಮೂವತ್ತಕ್ಕೂ ಹೆಚ್ಚು ಲೇಖಕರು ಅವರನ್ನು ಹಿಂಬಾಲಿಸಿದರು. ಅಕ್ಟೋಬರ್ 23ರಂದು ಅಕಾದೆಮಿಯ ಕಾರ್ಯಕಾರಿ ಮಂಡಳಿ ಕೊಲೆಯನ್ನು ಖಂಡಿಸಿ, ಬಹುಮಾನಗಳನ್ನು ಮರಳಿ ಪಡೆಯುವಂತೆ ಲೇಖಕರನ್ನು ಕೇಳಿಕೊಂಡಿತು. ಶಾಸನದಲ್ಲಿ ಶಾಪಾಶಯವಿರುವುದು ದತ್ತಿಯನ್ನು ಕಿತ್ತುಕೊಳ್ಳುವವನಿಗೆ. ಪಡೆದವನೇ ದತ್ತಿಯನ್ನು ಹಿಂದಿರುಗಿಸುವ ಸಂದರ್ಭವನ್ನು ನಮ್ಮ ಯಾವ ಶಾಸನಕವಿಯೂ ಕಲ್ಪಿಸಿರಲಿಲ್ಲ.

ಈ ಹಿಂದಿರುಗಿಸುವಿಕೆಯ ಕ್ರಿಯೆಗೂ ಸಭೆಯ ಸ್ವರೂಪವೇ ಬಂದುಬಿಟ್ಟಿತೆಂದು ಕೆಲವರು ಆಕ್ಷೇಪಿಸಿದರು. ಅದನ್ನು ನಾನು ಒಪ್ಪಲಾರೆ. ಹಿಂದಿರುಗಿಸಿದವರಲ್ಲಿ ಬಹುಪಾಲು ಕವಿಗಳು, ಕಥೆಗಾರರು. ಕಲಬುರ್ಗಿಯವರ ಶಾಸನಸಂಶೋಧನೆಯನ್ನು ಓದಿದವರು ಅವರಲ್ಲಿ ಎಷ್ಟು ಜನವೋ. ಆದರೂ ಆಧಾರವಿಟ್ಟು ಬರೆಯುವವನಿಗೆ ಬದುಕುವ ಹಕ್ಕಿದೆ ಎಂಬ ಮಾತನ್ನು ಅವರು ತಮ್ಮ ಹಾರಗಳನ್ನು ಬಿಟ್ಟುಕೊಟ್ಟು ಹೇಳಿದರು. ನನ್ನ ಆಕ್ಷೇಪವಿರುವುದು ಅದಕ್ಕೆ ಮುಂಚಿನ ಹಾರಗಳ ಬಗೆಗೆ. 2006ರ ಸನ್ಮಾನಗಳಲ್ಲಿ 1989ರ ಪ್ರಸಂಗದ ಬಗ್ಗೆ, ಆ ಬರಹಗಳ ಆಧಾರಗಳ ಬಗ್ಗೆ, ಅವನ್ನು ಒಪ್ಪದವರ ವಾದದ ಬಗ್ಗೆ ಒಂದು ಗಂಟೆಯ ತೆರೆದ ಚರ್ಚೆಗಾದರೂ ಎಡೆಯಿರಬೇಕಿತ್ತು.

ಹಾಗಾದರೆ ಇತಿಹಾಸಬರಹವನ್ನು ಸಾರ್ವಜನಿಕವಾಗಿ ಗೌರವಿಸುವ ದಾರಿಯೇ ಇಲ್ಲವೆ? ಇದೆ, ಮತ್ತು ಅದು ಎರಡೂ ಭಾಷೆಗಳಲ್ಲಿ ಹಳೆಯದೇ. ನಮ್ಮ ಅಭಿನಂದನ ಗ್ರಂಥಗಳ ಪರಂಪರೆಯನ್ನು ನೋಡಿ. ಬಿ.ಎಂ.ಶ್ರೀ. ಅವರಿಗೆ 1941ರಲ್ಲಿ ಅರ್ಪಿತವಾದ ‘ಸಂಭಾವನೆ’ಯಿಂದ ಮೊದಲಾಗಿ ಡಿ.ಎಲ್. ನರಸಿಂಹಾಚಾರ್ಯರ ‘ಉಪಾಯನ’, ಕಲಬುರ್ಗಿಯವರ ‘ಮಹಾಮಾರ್ಗ’ದವರೆಗೆ, ಹೊಗಳಿಕೆಯ ಲೇಖನಗಳು ಮುಂಭಾಗದಲ್ಲಿ ಇರುತ್ತವೆ, ಅವನ್ನು ದಾಟಿದರೆ ವಿಷಯಕ್ಕೆ ನೇರ ಸಂಬಂಧಿಸಿದ ಸಂಶೋಧನೆಗಳು ಸಿಗುತ್ತವೆ. ಕನ್ನಡ ಶಾಸನಗಳನ್ನೂ ಬಲ್ಲವರಾಗಿದ್ದ ಪುಣೆಯ ಗ.ಹ. ಖರೆಯವರಿಗೂ ಇಂಥ ಗೌರವಗ್ರಂಥ ಸಂದಿತು. ನಾಸಿಕದ ಗೋದಾಘಾಟದಲ್ಲಿ ಬೇಸಗೆಯಲ್ಲಿ ನಡೆಯುವ ವಸಂತ ವ್ಯಾಖ್ಯಾನಮಾಲೆಯಲ್ಲಿ ಒಂದು ಸಂಜೆ ಒಬ್ಬರೇ ವಕ್ತಾರರು, ಒಂದೇ ವಿಷಯ. ಹೊಳೆಯ ಮೆಟ್ಟಿಲ ಬಳಿ ಕೂತ ಜನ ಪೂರ್ತಿ ವಾದವನ್ನು ಕೇಳುತ್ತಾರೆ. 1840ರಲ್ಲಿ ಹುಟ್ಟಿದ ಸಾರ್ವಜನಿಕ ವಾಚನಾಲಯವಿರುವ ಊರು ಅದು. ಕೇಳುವ ಅಭ್ಯಾಸ ಅಲ್ಲಿಗೆ ಹೊಸದಲ್ಲ. ಧಾರವಾಡದ ವಿದ್ಯಾವರ್ಧಕ ಸಂಘದ ದತ್ತಿ ಉಪನ್ಯಾಸಗಳಲ್ಲೂ ಇದೇ ಕ್ರಮವಿದೆ. ಬಹುಮಾನ ಬಂದ ಇತಿಹಾಸಕಾರರನ್ನು ಹೂಗುಚ್ಛಗಳ ಸರದಿಗೆ ಕರೆಯುವ ಬದಲು ಇಂಥ ಮಾಲೆಯ ಒಂದು ಸಂಜೆಗೆ ಕರೆದು, ಅವರ ಗ್ರಂಥವನ್ನು ಒಪ್ಪದವರೊಬ್ಬರನ್ನೂ ಪಕ್ಕದಲ್ಲಿ ಕೂರಿಸಿದರೆ ಖರ್ಚೇನೂ ಹೆಚ್ಚಾಗದು. ಸೇವುಣರ ವಿಷಯದಲ್ಲಿ ಕನ್ನಡದ ವಿದ್ವಾಂಸರೊಬ್ಬರು ಸಂಭಾಜಿನಗರದಲ್ಲಿ, ಮರಾಠಿಯವರೊಬ್ಬರು ಧಾರವಾಡದಲ್ಲಿ ಹೀಗೆ ಮಾತಾಡಬೇಕು. ಹೊರನಾಡಿನಲ್ಲಿರುವ ನಮ್ಮಂಥ ಪೀಠಗಳಿಗೆ ಇಂಥ ಸಭೆಗಳನ್ನು ಕೂಡಿಸುವುದು ಇತರರಿಗಿಂತ ಸುಲಭ. ನಮ್ಮ ಸುತ್ತ ಕೇಳುವವರು ಎರಡೂ ಪಕ್ಷದವರಲ್ಲ.

ತ್ರಿರಶ್ಮಿಯ ಗುಹೆಗೆ ಹೋಗುವ ಸಂಶೋಧಕರು ಬಲಶ್ರೀಯ ಪ್ರಶಸ್ತಿಯನ್ನು ಓದಿ, ಚಿತ್ರ ತೆಗೆದುಕೊಂಡು ಹೊರಡುವುದು ವಾಡಿಕೆ. ಅದರ ಕೆಳಗೆ ಇನ್ನೊಂದು ಬರಹವಿದೆ. ಮೂರು ವರ್ಷದ ಮೇಲೆ, ಪುಲುಮಾವಿಯ 22ನೆಯ ವರ್ಷದಲ್ಲಿ, ಗೋವರ್ಧನದ ಅಧಿಕಾರಿಗೆ ಕಳುಹಿಸಿದ ರಾಜಾಜ್ಞೆಯ ನಕಲು ಅದು. ಗುಹೆಯ ಭಿಕ್ಷುಗಳಿಗೆ ಮೊದಲು ಕೊಟ್ಟಿದ್ದ ಹಳ್ಳಿಯನ್ನು ಬಿಡಿಸಿ, ಅದರ ಬದಲು ಸಾಮಲಿಪದ ಎಂಬ ಹಳ್ಳಿಯನ್ನು ಕೊಡತಕ್ಕದ್ದೆಂದು ಅದು ಹೇಳುತ್ತದೆ. ಹೊಗಳಿಕೆಯ ಒಂದು ಮಾತೂ ಅದರಲ್ಲಿಲ್ಲ. ಸಾತವಾಹನರ ಆಡಳಿತ ಹೇಗೆ ನಡೆಯುತ್ತಿತ್ತೆಂದು ಬರೆಯುವವರು ಮತ್ತೆ ಮತ್ತೆ ಆಧರಿಸುವುದು ಅದನ್ನೇ.